ಮುಂದೆ ಮಗಳು, ಹಿಂದೆ ಅಮ್ಮ

ದಸರಾ ರಜೆ ಮುಗಿದು ಮಳೆ ಹಿಂದೆ ಸರಿಯುವ ಹೊತ್ತಿಗೆ ಬೆಂಗಳೂರಿನ ಬಸವೇಶ್ವರನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಡ್ರೋನ್ ವಿಡಿಯೊ ಓಡಾಡತೊಡಗುತ್ತದೆ. ಎರಡೂ ದಡದಿಂದ ಬಾಗಿ ಕೂಡಿಕೊಂಡ ಕಾಂಡ್ಲಾ ಗಿಡಗಳು, ನಡುವೆ ನೀರಿನ ಓಣಿ, ಅದರಲ್ಲಿ ಸಾಲಾಗಿ ತೇಲುವ ಕಿತ್ತಳೆ, ಹಳದಿ ಕಯಾಕುಗಳು. ‘ಇದು ಕೇರಳ ಅಲ್ಲ, ನಮ್ಮ ಸಾಲಿಗ್ರಾಮ’ ಎಂದು ಕೆಳಗೊಂದು ಒಕ್ಕಣೆ. ಹಾವನೂರು ವೃತ್ತದ ಸುತ್ತಮುತ್ತ ಯಾವುದೋ ಮನೆಯಲ್ಲಿ ಅಂದು ರಾತ್ರಿಯೇ ಟಿಕೆಟ್ ಬುಕ್ ಆಗಿಬಿಡುತ್ತದೆ. ಆ ಹೊತ್ತಿಗೆ ಹೊಳೆಯಲ್ಲಿ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದು ವಿಡಿಯೊದಲ್ಲಿ ಗೊತ್ತಾಗುವುದಿಲ್ಲ. ಸಾಲಿನ ಮುಂದೊಬ್ಬ, ಹಿಂದೊಬ್ಬ ಹುಟ್ಟು ಹಾಕುತ್ತಿರುವ ಊರಿನ ಹುಡುಗರತ್ತಲೂ ಯಾರ ಕಣ್ಣೂ ಹೋಗುವುದಿಲ್ಲ. ಮನೆಮಂದಿಯೆಲ್ಲ ಹೋಗುವ ಕಯಾಕಿಂಗ್ ಚೆಂದವಾಗುವುದೂ ಕೆಡುವುದೂ ಈ ಎರಡರಿಂದಲೇ.

ಸಾಲಿಗ್ರಾಮ ಇರುವುದು ಉಡುಪಿ–ಕುಂದಾಪುರದ ನಡುವೆ, ಹೆದ್ದಾರಿ 66ರ ಮೇಲೆ, ಶಿವರಾಮ ಕಾರಂತರು ಹುಟ್ಟಿದ ಕೋಟಕ್ಕೆ ಅಂಟಿಕೊಂಡಂತೆ. ಅಲ್ಲಿಂದ ಪಾರಂಪಳ್ಳಿ ಕಡೆಗೆ ಹೊರಳಿದರೆ ಸೀತಾನದಿಯ ಹಿನ್ನೀರು. ಇನ್ನೂ ಕೆಳಗೆ ಸೀತೆ ಸ್ವರ್ಣೆಯ ಜೊತೆ ಸೇರಿ ಕೋಡಿಬೆಂಗ್ರೆಯ ಬಳಿ ಅಳಿವೆಯಾಗಿ ಸಮುದ್ರಕ್ಕೆ ಬೀಳುತ್ತಾಳೆ. ಬೆಂಗಳೂರಿನಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವ ಉಡುಪಿಯಲ್ಲಿ ಇಳಿಯಬಹುದು. ಶನಿವಾರ ಹೋಗಿ ಭಾನುವಾರ ರಾತ್ರಿ ಹೊರಟು ಸೋಮವಾರ ಮಕ್ಕಳನ್ನು ಶಾಲೆಗೆ ಕಳಿಸುವವರೂ ಇದ್ದಾರೆ.

ಬಸವೇಶ್ವರನಗರದ ಮಗುವಿಗೆ ಹತ್ತಿರದ ನದಿ ಎಂದರೆ ವೃಷಭಾವತಿ. ಅದರ ಪಕ್ಕ ಹಾದುಹೋಗುವಾಗ ಬಸ್ಸಿನ ಕಿಟಕಿ ಎಳೆದುಕೊಳ್ಳುವುದೇ ರೂಢಿ. ಹಾಗೆ ಬೆಳೆದ ಮಗು ಸೀತಾನದಿಯಲ್ಲಿ ಕೈ ಅದ್ದಿ, ಬೆರಳು ನೆಕ್ಕಿ, ‘ಅಪ್ಪಾ, ಉಪ್ಪು!’ ಎಂದು ಕೂಗುವುದನ್ನು ಪಾರಂಪಳ್ಳಿಯ ಗೈಡುಗಳು ಪ್ರತಿ ವಾರ ಕೇಳುತ್ತಾರೆ. ನದಿಯೊಳಗೆ ಸಮುದ್ರ ನುಗ್ಗಿ ಬಂದಿದೆ ಎಂಬ ಭೂಗೋಳದ ಪಾಠ ಅಲ್ಲಿಗೆ ಮುಗಿಯಿತು.

ಆ ನುಗ್ಗಾಟಕ್ಕೊಂದು ಲೆಕ್ಕವಿದೆ. ಉಬ್ಬರ ತುಂಬಿದ ಮೇಲೆ ಸರಿಸುಮಾರು ಆರು ಗಂಟೆಯಲ್ಲಿ ಇಳಿತ, ಮತ್ತೆ ಆರು ಗಂಟೆಯಲ್ಲಿ ಉಬ್ಬರ. ದಿನದಿಂದ ದಿನಕ್ಕೆ ಈ ಹೊತ್ತು 50 ನಿಮಿಷದಷ್ಟು ಹಿಂದೆ ಬೀಳುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ತುಂಬುವುದು ಸಾಮಾನ್ಯವಾಗಿ ಮಧ್ಯಾಹ್ನದ ಸುಮಾರಿಗೆ. ಹಾಗಾಗಿ ಅಡುಗೆಮನೆಯ ಗೋಡೆಗೆ ನೇತುಹಾಕಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೋಡಿಯೇ ಅಲ್ಲಿಯ ಹೊಳೆಯ ಅಂದಾಜು ಹಾಕಬಹುದು. ನಿಖರವಾದ ಹೊತ್ತು ಬೇಕಿದ್ದರೆ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ಸಮುದ್ರದಲ್ಲಿ ತುಂಬಿದ ನೀರು ಹೊಳೆಯ ಒಳಮೈಗೆ ತಲುಪಲು ಎಷ್ಟು ತಡವಾಗುತ್ತದೆ ಎನ್ನುವುದು ಅಲ್ಲಿ ಹುಟ್ಟಿ ಬೆಳೆದವರಿಗೇ ಗೊತ್ತು.

ಇಳಿತ ಪೂರ್ತಿ ಆದಾಗ ಹೋದರೆ ಕಾಂಡ್ಲಾ ಓಣಿಯಲ್ಲಿ ಕಾಣುವುದು ಕೆಸರು. ಅರ್ಧ ಇಳಿತದಲ್ಲಿ ಒಳಗೆ ಹೊಕ್ಕರೆ ಮರಳುವಾಗ ಕಯಾಕಿನ ಹೊಟ್ಟೆ ಕೆಸರಿಗೆ ಕೂತು, ಇಳಿದು ತಳ್ಳಬೇಕಾಗಿ ಬರಬಹುದು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ದೋಣಿ ತಳ್ಳುವುದು ಮಕ್ಕಳಿಗೆ ಹಬ್ಬ, ಅಜ್ಜಿಗೆ ಅಲ್ಲ. ಅನುಭವಿ ಗೈಡ್ ಏರುನೀರಿನ ಕೊನೆಯ ಹೊತ್ತು ನೋಡಿ ಹೊರಡಿಸುತ್ತಾನೆ. ಮೊದಲ ಅರ್ಧ ಗಂಟೆ ತೋಳಿನಲ್ಲಿ ಶಕ್ತಿ ಇರುವಾಗ ಎದುರುನೀರು, ದಣಿದು ಮರಳುವಾಗ ಜೊತೆನೀರು ಎನ್ನುವ ಹಾಗೆ ದಾರಿ ಹೊಂದಿಸುತ್ತಾನೆ. ‘ಹನ್ನೊಂದು ಗಂಟೆಗೆ ಬುಕ್ ಮಾಡಿದ್ದೇವೆ, ಒಂಬತ್ತಕ್ಕೇ ಬನ್ನಿ ಅಂತಾರಲ್ಲ’ ಎಂದು ಗೊಣಗುವ ಬೆಂಗಳೂರಿನವರು ಇಲ್ಲಿ ಸ್ವಲ್ಪ ತಗ್ಗುವುದು ವಾಸಿ. ಹೊಳೆಗೆ ಸ್ಲಾಟ್ ಬುಕಿಂಗ್ ಇಲ್ಲ.

ಇನ್ನು ದೋಣಿ. ಎರಡೂ ತುದಿಗೆ ಹಲಗೆಯಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುವುದು ಕಯಾಕ್. ಒಂದೇ ಹಲಗೆಯ ಹುಟ್ಟಿನದು ಕೆನೂ. ಉತ್ತರ ಕನ್ನಡದ ಮೀನುಗಾರರ ಪಾತಿ ದೋಣಿ ಕೆನೂವಿನ ಹತ್ತಿರದ ಸಂಬಂಧಿ. ಗ್ರೀನ್‌ಲ್ಯಾಂಡಿನ ಬೇಟೆಗಾರರು ಚೌಕಟ್ಟಿನ ಮೇಲೆ ಸೀಲ್ ಚರ್ಮ ಬಿಗಿದು ಕಟ್ಟುತ್ತಿದ್ದ ಕಯಾಕಿನಲ್ಲಿ ಸೊಂಟದವರೆಗೆ ಒಳಗೆ ಇಳಿದು ಕೂರಬೇಕಿತ್ತು. ಸಾಲಿಗ್ರಾಮ, ಪಡುಬಿದ್ರಿ, ಗೋಕರ್ಣದಲ್ಲಿ ಪ್ರವಾಸಿಗಳಿಗೆ ಹೆಚ್ಚಾಗಿ ಸಿಗುವುದು ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್. ಒಳಗೆ ಗಾಳಿ ತುಂಬಿದ ಟೊಳ್ಳು, ಮೇಲೆ ಬಿದ್ದ ನೀರು ಹರಿದುಹೋಗಲು ತಳದವರೆಗೂ ತೂತುಗಳು. ಮೊದಲ ಬಾರಿ ಕೂತವರು ಆ ತೂತುಗಳಲ್ಲಿ ನೀರು ಚಿಮ್ಮುವುದನ್ನು ಕಂಡು ದೋಣಿ ಒಡೆದಿದೆ ಎಂದು ಗಾಬರಿಯಾಗುತ್ತಾರೆ. ಮಗುಚಿದರೂ ಮುಳುಗದಿರಲಿ, ಬಿದ್ದವರು ಸುಲಭವಾಗಿ ಮತ್ತೆ ಹತ್ತಲಿ ಎಂದೇ ಇದನ್ನು ಹೀಗೆ ಮಾಡಿದ್ದಾರೆ.

ಇಬ್ಬರು ಕೂರುವ ಕಯಾಕಿಗೆ ವಿದೇಶದ ಗೈಡುಗಳು ‘ಡಿವೋರ್ಸ್ ಬೋಟ್’ ಎಂದು ಅಡ್ಡಹೆಸರು ಇಟ್ಟಿದ್ದಾರೆ. ಗಂಡ ಹೆಂಡತಿ ಹತ್ತಿದರೆ ಹುಟ್ಟುಗಳು ಒಂದಕ್ಕೊಂದು ಬಡಿಯುತ್ತವೆ, ದೋಣಿ ಕಾಂಡ್ಲಾ ಪೊದೆಗೆ ಮೂತಿ ಇಡುತ್ತದೆ, ‘ನಾನು ಎಡ ಅಂದೆ’, ‘ಯಾರ ಎಡ?’ ಶುರುವಾಗುತ್ತದೆ. ಲೆಕ್ಕ ಸುಲಭ: ಮುಂದೆ ಕೂತವರದು ಲಯ, ಹಿಂದೆ ಕೂತವರದು ದಿಕ್ಕು. ಬಲವಿರುವವರು ಹಿಂದೆ ಕೂತು, ಮುಂದಿನವರ ಹುಟ್ಟನ್ನು ನೋಡಿಕೊಂಡು ಅದೇ ಹೊತ್ತಿಗೆ ತಮ್ಮದನ್ನು ಹಾಕಬೇಕು. ಆದ್ದರಿಂದ ಒಳ್ಳೆಯ ಗೈಡ್ ದಡದಲ್ಲೇ ಕುಟುಂಬವನ್ನು ಒಡೆಯುತ್ತಾನೆ. ಅಪ್ಪ–ಅಮ್ಮನನ್ನು ಒಂದೇ ದೋಣಿಯಲ್ಲಿ ಕೂರಿಸದೆ ಅಮ್ಮನ ಮುಂದೆ ಮಗಳು, ಅಪ್ಪನ ಮುಂದೆ ಮಗ, ಅಜ್ಜಿ ಗೈಡಿನ ದೋಣಿಯಲ್ಲಿ. ಹುಟ್ಟು ಹಾಕಲಾಗದ ಅಜ್ಜಿಯೇ ಅಂದು ಎಲ್ಲರಿಗಿಂತ ಹೆಚ್ಚು ನೋಡುವುದು: ಗರುಡ, ಮಿಂಚುಳ್ಳಿ, ಬೆಳ್ಳಕ್ಕಿ, ಕೆಸರಿನ ಮೇಲೆ ಓಡುವ ಏಡಿಗಳು.

ದಡದ ಮೇಲಿನ ಆ ಹತ್ತು ನಿಮಿಷವನ್ನು ಹತ್ತಿರದಿಂದ ಗಮನಿಸಿದರೆ ಗೈಡಿನ ಯೋಗ್ಯತೆ ತಿಳಿದುಹೋಗುತ್ತದೆ. ಬಲ್ಲವನು ಮಗುವಿಗೆ ಲೈಫ್ ಜಾಕೆಟ್ ತೊಡಿಸಿ, ಎಲ್ಲ ಪಟ್ಟಿಗಳನ್ನೂ ಬಿಗಿದು, ಆಮೇಲೆ ಜಾಕೆಟ್ಟಿನ ಎರಡೂ ಹೆಗಲು ಹಿಡಿದು ಮೇಲಕ್ಕೆ ಎತ್ತಿ ನೋಡುತ್ತಾನೆ. ಜಾಕೆಟ್ ಜಾರಿ ಕಿವಿಯ ಮಟ್ಟಕ್ಕೆ ಬಂದರೆ ಅದು ಆ ಮಗುವಿನದಲ್ಲ. ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಸಣ್ಣ ಮಕ್ಕಳ ಜಾಕೆಟ್ಟಿಗೆ ತೊಡೆಸಂದಿನಲ್ಲಿ ಹಾಯ್ದುಬರುವ ಪಟ್ಟಿ ಇರಬೇಕಾದ್ದೂ ಇದಕ್ಕೇ. ದೊಡ್ಡವರ ಜಾಕೆಟ್ಟನ್ನೇ ಮಗುವಿಗೆ ಸುತ್ತಿ ಕಟ್ಟಿ ‘ಏನೂ ಆಗಲ್ಲ ಸಾರ್’ ಎನ್ನುವಲ್ಲಿ ಮುಂಗಡ ಬಿಟ್ಟಾದರೂ ಹಿಂದಕ್ಕೆ ಬರುವುದು ಒಳ್ಳೆಯದು. ಬಲ್ಲವನು ಕೇಳುವ ಪ್ರಶ್ನೆಗಳೂ ಬೇರೆ: ಯಾರಿಗೆ ಈಜು ಬರುತ್ತದೆ, ಯಾರಿಗೆ ಬಿ.ಪಿ., ಯಾರ ಭುಜ ನೋಯುತ್ತದೆ, ಕನ್ನಡಕಕ್ಕೆ ದಾರ ಇದೆಯೇ. ಕೊನೆಗೆ ‘ಹೆದ್ರುದ್ ಬ್ಯಾಡ, ಲಾಯ್ಕ್ ಮಾಡಿ ಕೂಕಣಿ’ ಎಂದು ದೋಣಿಯನ್ನು ನೀರಿಗೆ ತಳ್ಳುತ್ತಾನೆ.

ಬೇರು ಹಿಡಿಯಬೇಡಿ ಎಂಬ ಮಾತನ್ನೂ ಅವನು ಮರೆಯುವುದಿಲ್ಲ. ದೋಣಿ ವಾಲಿದಾಗ ಕೈ ತಾನಾಗಿ ಕಾಂಡ್ಲಾ ಬೇರಿನ ಕಡೆಗೆ ಹೋಗುತ್ತದೆ. ಬೇರಿಗೆ ಕಚ್ಚಿಕೊಂಡಿರುವ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ, ಅಂಗೈ ಸೀಳುತ್ತದೆ. ನೀರಿನ ಹೊರಗೆ ಕಮಾನಿನಂತೆ ಇಳಿದ ಈ ಬೇರುಗಳ ಮರೆಯಲ್ಲೇ ಮೀನು, ಸಿಗಡಿಗಳ ಮರಿಗಳು ಬೆಳೆಯುವುದು. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವ ಕುಟುಂಬಗಳು ಎಷ್ಟೋ ಇವೆ. ಆ ಅಳಿವೆಗೆ 2024ರಲ್ಲಿ ರಾಮ್‌ಸಾರ್ ತಾಣದ ಮಾನ್ಯತೆ ಸಿಕ್ಕಿತು. ಕಾಂಡ್ಲಾವನ್ನು ದೋಣಿ ಬೇಡ, ನಡೆದೇ ನೋಡುತ್ತೇವೆ ಎನ್ನುವವರಿಗೆ ಹೊನ್ನಾವರದಲ್ಲಿ ಶರಾವತಿಯ ಪಕ್ಕ ಮರದ ಹಲಗೆಯ ಕಾಂಡ್ಲಾ ನಡಿಗೆ ದಾರಿ ಇದೆ.

ಹೊಳೆ ಸರಿ, ಸಮುದ್ರಕ್ಕೇ ಏಕೆ ಇಳಿಯಬಾರದು? ಚಳಿಗಾಲದ ಬೆಳಗ್ಗೆ ಕಡಲು ತಟ್ಟೆಯಷ್ಟು ಸಪಾಟಾಗಿರುತ್ತದೆ, ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಮೋಸ ಇರುವುದೂ ಅಲ್ಲೇ. ಆ ಹೊತ್ತಿನ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತಿರುತ್ತದೆ. ದಡದಲ್ಲಿ ನಿಂತವರ ಬೆನ್ನಿಗೆ ತಂಪು ತಾಗಿಸುವ ಅದೇ ಗಾಳಿ ಹಗುರವಾದ ಕಯಾಕನ್ನು ಮೆಲ್ಲಗೆ ಹೊರಕ್ಕೆ ಒಯ್ಯುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಪಡುವಣದಿಂದ ಬೀಸತೊಡಗುತ್ತದೆ, ಅಲೆ ಏಳುತ್ತದೆ. ಅಳಿವೆಯ ಬಾಯಲ್ಲಿ ಹೊರಹೋಗುವ ಇಳಿತಕ್ಕೂ ಒಳಬರುವ ಅಲೆಗೂ ಡಿಕ್ಕಿಯಾದರೆ ಅಲ್ಲಿ ಯಾಂತ್ರಿಕ ದೋಣಿಗಳೂ ಒದ್ದಾಡುತ್ತವೆ.

ಹೊರಕ್ಕೆ ಬೀಸುವ ಗಾಳಿ ಏನು ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಲೈಮ್ ಕೊಲ್ಲಿಯ ಪ್ರಕರಣವನ್ನು ಗೈಡುಗಳ ತರಬೇತಿಯಲ್ಲಿ ಇಂದಿಗೂ ನೆನೆಯುತ್ತಾರೆ. 1993ರ ಮಾರ್ಚ್ 22ರಂದು ಪ್ಲಿಮತ್‌ನ ಶಾಲೆಯೊಂದರ ಎಂಟು ಮಕ್ಕಳು, ಒಬ್ಬ ಶಿಕ್ಷಕ, ಇಬ್ಬರು ಗೈಡುಗಳು ಲೈಮ್ ರೀಜಿಸ್‌ನಿಂದ ಪಕ್ಕದ ಚಾರ್ಮತ್‌ಗೆ ಕಯಾಕುಗಳಲ್ಲಿ ಹೊರಟರು. ದಡ ಹಿಡಿದು ಸಾಗಬೇಕಿದ್ದ ಸಣ್ಣ ದೂರ. ಗಾಳಿ ಅವರನ್ನು ಹೊರಕ್ಕೆ ತಳ್ಳಿತು, ಕಯಾಕುಗಳು ಮಗುಚಿದವು, ನೆರವು ತಲುಪುವುದು ತಡವಾಯಿತು. ನಾಲ್ವರು ಮಕ್ಕಳು ಸತ್ತರು. ಮರುವರ್ಷ ಸಾಹಸ ಕೇಂದ್ರ ನಡೆಸುತ್ತಿದ್ದ ಕಂಪನಿಗೇ ನರಹತ್ಯೆಯ ಅಪರಾಧ ಸಾಬೀತಾಯಿತು, ಅದರ ಮುಖ್ಯಸ್ಥ ಜೈಲಿಗೆ ಹೋದ. 1995ರಲ್ಲಿ ಬ್ರಿಟನ್ ಇಂಥ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ತಂದಿತು. ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಹೊರತಂದ ಸಾಹಸ ಪ್ರವಾಸದ ಮಾರ್ಗಸೂಚಿಯಲ್ಲಿ ಕಯಾಕಿಂಗ್ ಕೂಡ ಇದೆ. ಆದರೆ ಮಾರ್ಗಸೂಚಿಗೆ ಕಾನೂನಿನ ಹಲ್ಲು ಇರುವುದಿಲ್ಲ.

ದೂರದ ಉದಾಹರಣೆ ಬೇಡ ಎನ್ನುವವರಿಗೆ ಕಾರವಾರವಿದೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಹೋದರು. ಅದು ಕಯಾಕ್ ಅಲ್ಲ, ಜನ ಸಾಗಿಸುತ್ತಿದ್ದ ಯಾಂತ್ರಿಕ ದೋಣಿ. ಸತ್ತವರಲ್ಲಿ ಒಳನಾಡಿನಿಂದ ಬಂದ ಕುಟುಂಬದವರು ಇದ್ದರು. ಸಮುದ್ರದ ಅಭ್ಯಾಸವಿಲ್ಲದ ನಮ್ಮಂಥ ಊರಿನವರು ನೀರಿಗೆ ಇಳಿಯುವಾಗ ಅದನ್ನು ಮರೆಯುವ ಹಾಗಿಲ್ಲ.

ಕಯಾಕಿನಲ್ಲಿ ಒಂಟಿಯಾಗಿ ಕಡಲ ದೂರಗಳನ್ನು ದಾಟಿದವರ ಕತೆಗಳು ರೋಚಕ. ಜರ್ಮನಿಯ ಆಸ್ಕರ್ ಸ್ಪೆಕ್ 1932ರಲ್ಲಿ ಉಲ್ಮ್‌ನಲ್ಲಿ ಡ್ಯಾನ್ಯೂಬ್ ನದಿಗೆ ಮಡಚುವ ಕಯಾಕ್ ಇಳಿಸಿ, ಭಾರತದ ಪಶ್ಚಿಮ ಕರಾವಳಿಯಗುಂಟ ಸಿಲೋನಿಗೆ ಹೋಗಿ, 1939ರಲ್ಲಿ ಆಸ್ಟ್ರೇಲಿಯ ತಲುಪಿದ. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿತ್ತು, ಇಳಿದವನನ್ನು ಶತ್ರುದೇಶದವನೆಂದು ಹಿಡಿದು ಒಳಗೆ ಹಾಕಿದರು. ಅವನಿಗೆ ಈಜು ಬರುತ್ತಿರಲಿಲ್ಲವಂತೆ! ನಮ್ಮ ಕಾಲದಲ್ಲಿ ಮುಂಬೈನ ಕೌಸ್ತುಭ್ ಖಾಡೆ ಗುಜರಾತಿನಿಂದ ಕನ್ಯಾಕುಮಾರಿವರೆಗೆ ಸುಮಾರು 3,000 ಕಿ.ಮೀ. ಕಯಾಕಿನಲ್ಲಿ ಹೋದರು, ಜೊತೆಗಾತಿ ಶಾಂಜಲಿ ಶಾಹಿ ದಡದ ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಬಂದರು. ಇವನ್ನೆಲ್ಲ ಮಕ್ಕಳಿಗೆ ರೈಲಿನಲ್ಲಿ ಹೇಳಬಹುದು. ಅನುಕರಿಸಲು ಹೋಗಬಾರದು.

ಸಮುದ್ರದ ರುಚಿ ಬೇಕೇ ಬೇಕು ಎನ್ನುವವರಿಗೆ ಮೂಲ್ಕಿ ಇದೆ. 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್‌ನಿಂದಾಗಿ ಅಲ್ಲಿ ಸರ್ಫಿಂಗ್ ಬೇರುಬಿಟ್ಟು, ಸ್ಥಳೀಯ ಹುಡುಗರೇ ತರಬೇತುದಾರರಾಗಿ ಬೆಳೆದರು. ಹಿಂದೆಯೇ ಶಾಂಭವಿ ನದಿಯ ಶಾಂತ ನೀರು ಇರುವುದರಿಂದ ಹೊಸಬರು ಅಲ್ಲಿ ಹುಟ್ಟು ಹಿಡಿದು ಕಲಿಯಬಹುದು. ಪಡುಬಿದ್ರಿಯಲ್ಲಿ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಕಡಲತೀರದ ಹಿಂದೆ ಕಾಮಿನಿ ಹೊಳೆ ಇದೆ. ಉಬ್ಬರ ಇಳಿತದ ತಲೆನೋವೇ ಬೇಡ ಎಂದರೆ ಸಾಗರ ತಾಲ್ಲೂಕಿನ ಹೊನ್ನೇಮರಡು: ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿತೊ ಕಾಮ್ದಾರ್ ದಂಪತಿ ಎಷ್ಟೋ ವರ್ಷಗಳಿಂದ ಜಲಸಾಹಸ ಕಲಿಸಿದ ಜಾಗ. ಅಲ್ಲಿ ಮೊದಲು ಕಲಿತು, ಮರುವರ್ಷ ಕರಾವಳಿಗೆ ಹೋಗುವುದು ಶಾಸ್ತ್ರೀಯವಾದ ಕ್ರಮ. ಅಷ್ಟು ತಾಳ್ಮೆ ಇರುವವರು ಕಡಿಮೆ ಎಂಬುದು ಬೇರೆ ಮಾತು.

ಹೋಗುವುದಿದ್ದರೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ಸೆಕೆ ಮಕ್ಕಳನ್ನು ಬೇಗ ಸುಸ್ತುಮಾಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ, ಮಳೆಗಾಲದ ಹೊಳೆ ಕೆಂಪಾಗಿ ಮರದ ದಿಮ್ಮಿಗಳನ್ನು ಹೊತ್ತು ತರುತ್ತದೆ. ಆಗ ‘ಮಾನ್ಸೂನ್ ಸ್ಪೆಷಲ್’ ಎಂದು ಕರೆಯುವವರ ಫೋನ್ ಎತ್ತಬೇಡಿ. ಬೆಳಗ್ಗೆ ತಿಂಡಿ ಹಗುರವಾಗಿರಲಿ, ಗೋಳಿಬಜೆಯ ಎರಡನೇ ಪ್ಲೇಟ್ ಹೊಳೆಯಿಂದ ಬಂದ ಮೇಲೆ. ಜಾಕೆಟ್ ಇದ್ದರೆ ಈಜು ಬಾರದವರೂ ಹೋಗಬಹುದು, ನಿಜ. ಆದರೂ ಮುಖಕ್ಕೆ ನೀರು ಬಿದ್ದರೆ ಉಸಿರುಗಟ್ಟಿದವರಂತೆ ಒದ್ದಾಡುವ ಮಗುವನ್ನು ಹೊರಡುವ ಮುನ್ನ ವಿಜಯನಗರದ ಕಡೆ ಯಾವುದಾದರೂ ಈಜುಕೊಳಕ್ಕೆ ಒಂದು ತಿಂಗಳು ಕಳಿಸಿ.

ಮುಂಗಡ ಕಟ್ಟುವ ಮುನ್ನ ಫೋನಿನಲ್ಲಿ ಕೇಳಿ: ಆ ದಿನ ಉಬ್ಬರ ಎಷ್ಟು ಹೊತ್ತಿಗೆ, ಮಕ್ಕಳ ಅಳತೆಯ ಜಾಕೆಟ್ ಇದೆಯೇ, ನಮ್ಮ ಗುಂಪಿನ ಜೊತೆ ನೀರಿನಲ್ಲಿ ಎಷ್ಟು ಗೈಡುಗಳು ಬರುತ್ತಾರೆ. ಮೊದಲನೆಯದಕ್ಕೆ ‘ಯಾವಾಗ ಬಂದರೂ ಆಗುತ್ತದೆ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಅಲ್ಲಿಗೆ ಹೋದ ಮೇಲೆ ‘ಗಾಳಿ ಎದ್ದಿದೆ, ಇವತ್ತು ಬೇಡ’ ಎಂದು ಗೈಡ್ ಹೇಳಿದರೆ ಜಗಳ ತೆಗೆಯದೆ ಮರುದಿನ ಬೆಳಗಿನ ಹೊತ್ತು ಕೇಳಿ.