ಮುಖವಿದೆ, ಮನುಷ್ಯನಿಲ್ಲ

ತುಂಗಭದ್ರೆಯ ದಂಡೆಯ ಮಾಗಳದಂಥ ಊರುಗಳ ನಾವು ಸಿನಿಮಾದ ಮಾಯೆಯನ್ನು ಮೊದಲು ಕಂಡದ್ದು ಟೂರಿಂಗ್ ಟಾಕೀಸಿನ ಡೇರೆಯೊಳಗೆ, ನೆಲದ ಮೇಲೆ ಕುಳಿತು. 1977ರ ‘ಬಭ್ರುವಾಹನ’ದಲ್ಲಿ ಡಾ. ರಾಜ್‌ಕುಮಾರ್ ಅರ್ಜುನನೂ ಆಗಿ, ಮಗ ಬಭ್ರುವಾಹನನೂ ಆಗಿ ಎದುರುಬದುರು ನಿಂತಾಗ, ಒಬ್ಬರೇ ಇಬ್ಬರಾದದ್ದು ಹೇಗೆಂದು ಮನೆ ಮುಟ್ಟುವವರೆಗೂ ವಾದಿಸುತ್ತಿದ್ದೆವು.

ಅಂದಿನ ದ್ವಿಪಾತ್ರದ ದೃಶ್ಯಗಳಿಗೆ ಒಂದು ಉಪಾಯವಿತ್ತು. ಕ್ಯಾಮೆರಾದ ಅರ್ಧ ಭಾಗವನ್ನು ಮರೆಮಾಡಿ ಒಂದು ಪಾತ್ರವನ್ನು ಚಿತ್ರಿಸುವುದು. ಅದೇ ರೀಲನ್ನು ಹಿಂದಕ್ಕೆ ಸುತ್ತಿ, ಉಳಿದರ್ಧದಲ್ಲಿ ಇನ್ನೊಂದನ್ನು ಚಿತ್ರಿಸುವುದು. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗುವಂತಿಲ್ಲ. ನಟ ವೇಷ ಬದಲಿಸಿ ಬಂದು, ಎದುರಿಗಿಲ್ಲದ ತನ್ನನ್ನೇ ದಿಟ್ಟಿಸಬೇಕು. ಛಾಯಾಗ್ರಾಹಕ ಎಸ್.ವಿ. ಶ್ರೀಕಾಂತ್ ಅವರಂಥವರ ಕೈಚಳಕ ಎಷ್ಟೇ ಇರಲಿ, ಆ ಮಾಯೆಗೆ ನಟ ಎರಡು ಸಲ ಅಲ್ಲಿ ಇರಲೇಬೇಕಿತ್ತು.

ಕಂಪ್ಯೂಟರ್ ಬಂದದ್ದೇ ತಪ್ಪೆಂದು ನಾವು ಹೇಳುವುದಿಲ್ಲ. 1993ರ ‘ಜುರಾಸಿಕ್ ಪಾರ್ಕ್’ಗಾಗಿ ಸ್ಟಾನ್ ವಿನ್‌ಸ್ಟನ್ ತಂಡ ಆಳೆತ್ತರ ಮೀರಿದ ಯಾಂತ್ರಿಕ ಡೈನೋಸಾರ್ ಕಟ್ಟಿತು. ಚಿಕ್ಕ ಬೊಂಬೆಗಳನ್ನು ಒಂದೊಂದು ಚೌಕಟ್ಟಿಗೂ ಕದಲಿಸಿ ಜೀವ ತುಂಬಬೇಕಿದ್ದ ಫಿಲ್ ಟಿಪ್ಪೆಟ್, ಕಂಪ್ಯೂಟರಿನ ಚಿತ್ರಗಳನ್ನು ಕಂಡು ತನ್ನ ಕಸುಬು ಮುಗಿಯಿತೆಂದುಕೊಂಡರು. ಆದರೆ ನಿರ್ದೇಶಕ ಸ್ಪೀಲ್‌ಬರ್ಗ್ ಅವರನ್ನು ಬಿಡಲಿಲ್ಲ. ಪ್ರಾಣಿ ಹೇಗೆ ನಡೆಯುತ್ತದೆ, ಹೇಗೆ ತಿರುಗುತ್ತದೆ ಎಂಬುದು ಟಿಪ್ಪೆಟ್‌ಗೆ ಗೊತ್ತಿತ್ತು, ಯಂತ್ರಕ್ಕೆ ಗೊತ್ತಿರಲಿಲ್ಲ. ಸಾಧನ ಬದಲಾಯಿತು, ಕಸುಬುದಾರನ ಕಣ್ಣು ಉಳಿಯಿತು.

ಕನ್ನಡದಲ್ಲಿ ಈ ಮಾತು ಬೇರೆ ತಿರುವು ಪಡೆದದ್ದು 2016ರಲ್ಲಿ. ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಚಿತ್ರದಲ್ಲಿ, 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದ ವಿಷ್ಣುವರ್ಧನ್ ಮತ್ತೆ ಕಾಣಿಸಿಕೊಂಡರು. ಮೈ ಬೇರೊಬ್ಬರದು, ಮುಖ ಕಂಪ್ಯೂಟರಿನದು. ಅಭಿಮಾನಿಗಳ ಪ್ರೀತಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ವಿನಲ್ಲಿ ರಾಮಾಚಾರಿಯ ಸಿಟ್ಟು, ಆ ಹುಂಬ ಪ್ರೀತಿ ಒಬ್ಬ ತರುಣ ನಟ ಆ ಕ್ಷಣದಲ್ಲಿ ಹುಡುಕಿಕೊಂಡದ್ದು. 2016ರ ಮುಖಕ್ಕೆ ಹೋಲಿಕೆಯಿದೆ, ಆ ಹುಡುಕಾಟವಿಲ್ಲ. ಬಂಧುಗಳು ಒಪ್ಪಿಗೆ ಕೊಡಬಹುದು. ಆದರೆ ‘ಈ ದೃಶ್ಯದಲ್ಲಿ ನಾನು ಹೀಗೆ ನಟಿಸಲಾರೆ’ ಎನ್ನುವ ನಟನ ಹಕ್ಕನ್ನು ಅವನ ಪರವಾಗಿ ಯಾರೂ ಚಲಾಯಿಸಲಾರರು. ಮೈ ಕೊಟ್ಟ ನಟನಾದರೋ ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದ್ದಾನೆ?

ಇದು ಸಿನಿಮಾದವರ ತಲೆನೋವು ಎಂದು ಸುಮ್ಮನಿರುವಂತಿಲ್ಲ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಬಿಡಲಾಯಿತು. ಅಲ್ಲೂ ಮೈ ಒಬ್ಬರದು, ಮುಖ ಇನ್ನೊಬ್ಬರದು. ಒಪ್ಪಿಗೆಯನ್ನು ಮಾತ್ರ ಯಾರಿಂದಲೂ ಕೇಳಿರಲಿಲ್ಲ. ದೊಡ್ಡ ಬಂಡವಾಳದ ಸ್ಟುಡಿಯೋ ಮಾಡುತ್ತಿದ್ದುದನ್ನು ಇಂದು ಮೊಬೈಲ್ ಹಿಡಿದ ಯಾರೂ ಮಾಡಬಲ್ಲರು. ಹೆಸರಾಂತ ನಟಿಗಾದರೆ ಪೊಲೀಸರು, ಪತ್ರಿಕೆಗಳು ನೆರವಿಗೆ ಬರುತ್ತಾರೆ. ನಮ್ಮ ಓಣಿಯ ಹುಡುಗಿಯೊಬ್ಬಳ ಮುಖಕ್ಕೆ ಹೀಗಾದರೆ, ಅದು ಸುಳ್ಳೆಂದು ತಿಳಿಯುವಷ್ಟರಲ್ಲಿ ಅವಳು ಕಾಲೇಜು ಬಿಟ್ಟಿರುತ್ತಾಳೆ.

ಡೇರೆಯಲ್ಲಿ ಕುಳಿತಿದ್ದ ನಮಗೆ ಪರದೆಯ ಮೇಲಿನದು ಟ್ರಿಕ್ ಎಂದು ಗೊತ್ತಿತ್ತು. ಹೇಗೆ ಮಾಡಿದರೆಂದು ಕೇಳುತ್ತಿದ್ದೆವು. ಈಗ ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಈ ಮುಖದ ಒಡೆಯರನ್ನು ಕೇಳಿ ಮಾಡಿದರೇ?