ಎಸರು ಬಲ್ಲವರ ಬಿಯರ್

ಬಿಯರನ್ನು ಅದು ಹುಟ್ಟಿದ ಮನೆಯಲ್ಲೇ ಕುಡಿದು ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ವಿಳಾಸ ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯ ಟಾಯ್ಟ್. 2010ರಲ್ಲಿ ಬಾಗಿಲು ತೆರೆದ ಈ ಬ್ರೂಪಬ್ ನಮ್ಮ ರಾಜ್ಯದಲ್ಲಿ ಈ ಕಸುಬಿನ ಹಿರಿಯರ ಸಾಲಿನದು. 2023ರಿಂದ ನಮ್ಮ ಧಾರವಾಡದಿಂದ ಅಲ್ಲಿಗೆ ವಂದೇ ಭಾರತ್ ರೈಲು ಇದೆ. ಮಧ್ಯಾಹ್ನ ಹತ್ತಿದರೆ ರಾತ್ರಿ ಊಟಕ್ಕೆ ಬೆಂಗಳೂರು. ಆದರೆ ಆ ರಾತ್ರಿಯೇ ಓಡಬೇಡಿ. ಮರುದಿನ, ಅದೂ ವಾರದ ನಡುವಿನ ದಿನ, ಗದ್ದಲ ಏರುವ ಮೊದಲು ಹೋಗಿ. ಬಿಯರಿನ ವಾಸನೆ ಹಿಡಿಯಲು ಮೂಗಿಗೂ ಸ್ವಲ್ಪ ಏಕಾಂತ ಬೇಕು.

ಮೊದಲೇ ದೊಡ್ಡ ಗ್ಲಾಸ್ ಹೇಳಬೇಡಿ. ಚಿಕ್ಕ ಚಿಕ್ಕ ಗ್ಲಾಸುಗಳಲ್ಲಿ ರುಚಿ ಕೇಳಿ, ತಿಳಿಬಣ್ಣದಿಂದ ಕಪ್ಪಿನ ಕಡೆ ಸಾಗಿ. ಟಾಯ್ಟ್ ವೈಸ್ ಜರ್ಮನ್ ಗೋದಿ ಬಿಯರ್. ಅದರಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಏಳುತ್ತದೆ. ಎರಡನ್ನೂ ಯಾರೂ ಹಾಕಿದ್ದಲ್ಲ, ಯೀಸ್ಟ್ ಹುದುಗುವಾಗ ತಾನೇ ಹುಟ್ಟಿಸಿದ್ದು. ಬೆಲ್ಜಿಯಂ ಶೈಲಿಯ ಟಿನ್‌ಟಿನ್ ಟಾಯ್ಟ್ ಇನ್ನೊಂದು ದಾರಿಯದು. ಆ ಶೈಲಿಯಲ್ಲಿ ಮೊಳಕೆ ಕಟ್ಟದ ಗೋದಿ ಬಳಸುತ್ತಾರೆ, ಜೊತೆಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಬೀಳುತ್ತವೆ. ಕೊನೆಗೆ ಡಾರ್ಕ್ ನೈಟ್: ಹುರಿದ ಮಾಲ್ಟಿನ ಕಮ್ಮನೆಯ ಕಹಿ. ಇದನ್ನು ತುಸು ತಣುಪು ಇಳಿದ ಮೇಲೆ ಕುಡಿಯಿರಿ, ಮಂಜಿನಂಥ ತಂಪಿನಲ್ಲಿ ಅರ್ಧ ರುಚಿ ಸತ್ತೇ ಹೋಗುತ್ತದೆ.

ನಾನು ಹೆಚ್ಚು ಹೊತ್ತು ಕೂರುವುದು ಬಾಸ್ಮತಿ ಬ್ಲಾಂಡ್ ಎದುರು. ಬಾರ್ಲಿಯ ಜೊತೆ ಬಾಸ್ಮತಿ ಅಕ್ಕಿ ಸೇರಿಸಿ ಮಾಡಿದ್ದು. ಮೈ ಹಗುರ, ಗುಟುಕು ಇಳಿದ ಮೇಲೆ ಬಾಯಿ ಶುಭ್ರ. ಜಾಣ ಬಿಯರ್. ಆದರೆ ಬಾಸ್ಮತಿ ಹಿಮಾಲಯದ ತಪ್ಪಲಿನ ಬೆಳೆ. ಅದಕ್ಕೆ ಬೆಂಗಳೂರಿನ ಗ್ಲಾಸಿನಲ್ಲಿ ಜಾಗ ಸಿಕ್ಕಿತು ಅಂದಮೇಲೆ ನವಲಗುಂದ, ಅಣ್ಣಿಗೇರಿಯ ಎರೆ ಹೊಲದ ಹಿಂಗಾರಿ ಬಿಳಿಜೋಳಕ್ಕೆ ಯಾಕೆ ಇಲ್ಲ?

ಆಗದ ಮಾತೇನಲ್ಲ. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ದೊಡ್ಡ ಕಂಪನಿಗಳೇ ಜೋಳದ ಕಡೆ ತಿರುಗಿ ಲಾಗರ್ ಇಳಿಸಿದವು. ದಕ್ಷಿಣ ಆಫ್ರಿಕಾದ ಹೆಂಗಸರು ಅದಕ್ಕೂ ಬಹಳ ಮೊದಲಿನಿಂದ ಜೋಳದ ಉಂಕೊಂಬೋತಿ ಬಿಯರ್ ಮಾಡುತ್ತಾ ಬಂದಿದ್ದಾರೆ.

ತೊಡಕು ಇರುವುದು ಪಿಷ್ಟದಲ್ಲಿ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಒಡೆದು 65 ಡಿಗ್ರಿ ಆಸುಪಾಸಿನ ನೀರಲ್ಲಿ ಸುಮಾರು ಒಂದು ತಾಸು ಇಟ್ಟರೆ ಪಿಷ್ಟ ಅರಳುತ್ತದೆ, ಕಾಳಿನೊಳಗಿನ ಕಿಣ್ವಗಳು ಅದನ್ನು ಸಕ್ಕರೆ ಮಾಡುತ್ತವೆ. ಜೋಳದ ಪಿಷ್ಟ ಅಷ್ಟಕ್ಕೆ ಮಣಿಯುವುದಿಲ್ಲ. 70 ಡಿಗ್ರಿ ದಾಟದೆ ಅದು ಪೂರ್ತಿ ಅರಳದು. ಅಷ್ಟು ಕಾಯಿಸಿದರೆ ಕಿಣ್ವಗಳು ಕೆಡತೊಡಗುತ್ತವೆ. ಹಾಗಾಗಿ ಬ್ರೂವರ್ ಜೋಳವನ್ನು ಬೇರೆಯಾಗಿ ಕುದಿಸಿ, ಆರಿಸಿ, ಆಮೇಲೆ ಬಾರ್ಲಿಯ ತೊಟ್ಟಿಗೆ ಬೆರೆಸಬೇಕು.

ಇದನ್ನು ಓದುತ್ತಿರುವ ನಮ್ಮ ಕಡೆಯ ಅಕ್ಕತಂಗಿಯರಿಗೆ ಇದರಲ್ಲಿ ಹೊಸದೇನೂ ಕಾಣದು. ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ಗೋದಿಯ ಜಿಗುಟು ಅದಕ್ಕಿಲ್ಲ. ಕುದಿಯುವ ಎಸರು ಬಿದ್ದರೆ ಮಾತ್ರ ಪಿಷ್ಟ ಅರಳಿ ಹಿಟ್ಟಿಗೆ ಜಿಗಿ ಬರುತ್ತದೆ. ಹುಬ್ಬಳ್ಳಿಯ ಖಾನಾವಳಿಯ ಒಲೆಯ ಮುಂದೆ ಕೂತವಳಿಗೂ ಬ್ರೂವರಿಯ ತೊಟ್ಟಿಯ ಮುಂದೆ ನಿಂತವನಿಗೂ ಎದುರಾಗುವುದು ಒಂದೇ ಕಾಳಿನ ಒಂದೇ ಹಟ, ಇಬ್ಬರ ಉಪಾಯವೂ ಒಂದೇ. ಇಂಥ ವಿದ್ಯೆ ಮನೆಮನೆಯಲ್ಲಿರುವ ಸೀಮೆಯಲ್ಲಿ ಜೋಳದ ಬಿಯರ್ ಪರಕೀಯ ಅನ್ನಿಸಬಾರದು ಎಂದು ನಾನು ನಂಬಿದ್ದೇನೆ.

ಜೋಳಕ್ಕೇ ಮೊಳಕೆ ಕಟ್ಟಿಸುವುದಾದರೆ ಎಚ್ಚರ ಬೇಕು. ಎಳೆ ಜೋಳ ಮೇಯ್ದ ದನ ಸಾಯುವುದನ್ನು ರೈತರು ಬಲ್ಲರು. ಅದೇ ಸಯನೈಡ್ ಅಂಶ ಮೊಳಕೆಯಲ್ಲೂ ಇರುತ್ತದೆ. ಕಾಳು ಒಣಗಿಸಿ ಬೇರು, ಚಿಗುರುಗಳನ್ನು ಉಜ್ಜಿ ತೆಗೆಯದೆ ಮುಂದೆ ಹೋಗುವಂತಿಲ್ಲ. ಹೊಸಬರು ಮೊಳಕೆಯ ಗೊಡವೆಗೆ ಹೋಗದೆ ಕುದಿಸಿದ ಜೋಳದಿಂದಲೇ ಶುರುಮಾಡುವುದು ಒಳ್ಳೆಯದು.

ಇನ್ನೊಂದು ಕಾಳು ಜೋಳಕ್ಕಿಂತಲೂ ನನ್ನ ಆಸೆ ಕೆರಳಿಸುತ್ತದೆ: ಸದಕ ಗೋದಿ. ಮಾದಲಿಗೆ, ಹುಗ್ಗಿಗೆ ಬೇಕೆಂದು ಹುಡುಕಿ ತರುತ್ತೇವಲ್ಲ, ಅದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಬಿಡುಗಡೆ ಮಾಡಿದೆ. ಪ್ರಾಚೀನ ಈಜಿಪ್ಟಿನವರು ಬಾರ್ಲಿಯ ಜೊತೆ ಬಿಯರಿಗೆ ಬಳಸಿದ್ದು ಇದೇ ಜಾತಿಯ ಗೋದಿ. ಇದರಲ್ಲಿ ಬ್ರೂವರನಿಗೆ ಒಂದು ಹೆಚ್ಚಿನ ಲಾಭವಿದೆ. ತೊಟ್ಟಿಯಿಂದ ಸಿಹಿ ರಸ ಬಸಿಯುವಾಗ ಬಾರ್ಲಿಯ ಹೊಟ್ಟೇ ಜರಡಿಯಾಗುತ್ತದೆ. ಸಾದಾ ಗೋದಿ, ಜೋಳಗಳಲ್ಲಿ ಹೊಟ್ಟಿಲ್ಲ, ಹೆಚ್ಚು ಹಾಕಿದರೆ ರಸ ಇಳಿಯದೆ ಕಟ್ಟಿಕೊಳ್ಳುತ್ತದೆ. ಸದಕ ಒಕ್ಕಿದರೂ ಹೊಟ್ಟು ಬಿಡದ ಗೋದಿ. ಮಿಲ್ಲಿನಲ್ಲಿ ನಮಗೆ ಬೇಸರ ತರಿಸುವ ಆ ಗುಣ ಬಿಯರಿಗೆ ವರ.

ನನ್ನ ಕೈಗೊಂದು ತೊಟ್ಟಿ ಸಿಕ್ಕರೆ ಅಳತೆ ಹೀಗಿರುತ್ತದೆ: ಬಾರ್ಲಿ ಮಾಲ್ಟ್ ಅರ್ಧ, ಹೊಟ್ಟು ಸಮೇತ ಮೊಳಕೆ ಕಟ್ಟಿದ ಸದಕ ಕಾಲು, ಕುದಿಸಿದ ಬಿಳಿಜೋಳ ಕಾಲು. ಹಾಪ್ಸ್ ಕಡಿಮೆ. 20 ಡಿಗ್ರಿಯಲ್ಲಿ ನಿಧಾನ ಹುದುಗು. ಸೋಸುವುದು ಬೇಡ, ಮಬ್ಬಾಗಿಯೇ ಇರಲಿ. ಪಕ್ಕದಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ.