ನಗುವಿನ ಹಿಂದಿನ ಹೆಣ್ಣು
ಮೊನಾಲಿಸಾಳ ನಗುವಿನ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಆದರೆ ಆಕೆ ಯಾರೆಂಬ ಒಗಟು ಬಹುಮಟ್ಟಿಗೆ ಬಿಡಿಸಿಯಾಗಿದೆ. ಆಕೆ ಫ್ಲಾರೆನ್ಸಿನ ರೇಷ್ಮೆ ವ್ಯಾಪಾರಿಯೊಬ್ಬನ ಪತ್ನಿ ಲೀಸಾ ಎಂದು ವಸಾರಿ 1550ರಲ್ಲೇ ಬರೆದಿದ್ದ. ಲಿಯೊನಾರ್ಡೊ ಆಕೆಯ ಚಿತ್ರ ಬರೆಯುತ್ತಿದ್ದಾನೆಂದು ಅಗೊಸ್ಟಿನೊ ವೆಸ್ಪುಚ್ಚಿ 1503ರಲ್ಲಿ ಪುಸ್ತಕವೊಂದರ ಅಂಚಿನಲ್ಲಿ ಗೀಚಿದ ಟಿಪ್ಪಣಿ 2005ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಸಿಕ್ಕಿತು.

ಉಳಿದ ಒಗಟು ಬೇರೆಯೇ. ವ್ಯಾಪಾರಿಯ ಮನೆ ಸೇರಬೇಕಿದ್ದ ಚಿತ್ರ ಫ್ರಾನ್ಸಿನ ದೊರೆಯ ಸಂಗ್ರಹ ಸೇರಿತು. ಕಲಾವಿದ ಅದನ್ನು ಏಕೆ ಒಪ್ಪಿಸಲಿಲ್ಲ?

ನಗುವಿನ ಗುಟ್ಟು ಕುಂಚದಲ್ಲಿದೆ. ತುಟಿಯ ಅಂಚನ್ನು ಆತ ಗೆರೆಯಿಲ್ಲದೆ, ತೆಳು ಬಣ್ಣದ ಪದರಗಳಲ್ಲಿ ಕರಗಿಸಿದ್ದಾನೆ. ಅದರಲ್ಲಿ ಕಾಯಿಲೆ, ಗುಪ್ತಲಿಪಿ ಹುಡುಕುವ ಭರಾಟೆಯಲ್ಲಿ ನಾವು, 1499ರಲ್ಲಿ ಮಗಳನ್ನು ಕಳೆದುಕೊಂಡಿದ್ದ ಒಬ್ಬ ತಾಯಿಯನ್ನು ಮರೆತೆವು. ಲೂವ್ರ್‌ನ ಗಾಜಿನ ಹಿಂದಿರುವ ಆಕೆಯನ್ನು ಮೊದಲು ಮನುಷ್ಯಳಾಗಿ ನೋಡೋಣ.